ಹಲ್ಲಿಗೆ ತೋರಿಸದ ತುತ್ತು

ಕಡೂರಿನ ಬಸ್ ನಿಲ್ದಾಣದ ಎದುರಿನ ಸಂದಿಯಲ್ಲಿ ಮುದ್ದೆ ಊಟ ಹಾಕುವ ಸಣ್ಣ ಹೋಟೆಲೊಂದಿದೆ. ಮೊನ್ನೆ ಕನ್ನಡಕದ ಕಡ್ಡಿ ಸರಿಮಾಡಿಸಲು ಕಡೂರಿಗೆ ಹೋದವನು ಹೊಟ್ಟೆ ಹಸಿದು ಅಲ್ಲಿ ಊಟಕ್ಕೆ ಕೂತೆ. ಎದುರಿಗೆ ಹೆಗಲ ಮೇಲೆ ಟವಲು ಹಾಕಿಕೊಂಡ ಯಜಮಾನರೊಬ್ಬರು ಆಗಲೇ ಅರ್ಧ ಮುದ್ದೆ ಮುಗಿಸಿದ್ದರು. ನಾನು ಉಣ್ಣುವುದನ್ನು ಸ್ವಲ್ಪ ಹೊತ್ತು ನೋಡಿದರು, ಸುಮ್ಮನಿರಲು ಪ್ರಯತ್ನಪಟ್ಟರು, ಆಗಲಿಲ್ಲ.

“ಏನ್ ಸ್ವಾಮಿ, ತುತ್ತು ತುತ್ತಿಗೂ ಹಿಂಗೆ ತಲೆ ಬಗ್ಗಿಸ್ತೀರಲ್ಲ, ಇದ್ಯಾವ ಮಠದ ಪದ್ಧತಿ?”

ನನ್ನ ಬಾಯಲ್ಲಿ ತುತ್ತಿತ್ತು. ತುತ್ತಿರುವಾಗ ಮಾತಾಡಬಾರದೆಂಬುದು ನನಗೆ ಆಗಿರುವ ಕಟ್ಟಪ್ಪಣೆ. ಗದ್ದವನ್ನು ಎದೆಗೆ ತಾಗಿಸಿ ನುಂಗಿದೆ. ಆಮೇಲೆ ಇನ್ನೊಮ್ಮೆ ಬರಿದೇ ನುಂಗಿದೆ. ಮೆಲ್ಲಗೆ ‘ಆ’ ಎಂದು ಗಂಟಲು ಪರೀಕ್ಷಿಸಿಕೊಂಡೆ. ಅಷ್ಟೆಲ್ಲ ಆದ ಮೇಲೆ ಹೇಳಿದೆ: “ಮಠ ಗಿಠ ಏನಿಲ್ಲ ಕಣ್ರೀ. ನಮ್ದು ಯಗಟಿ.”

ಅವರು ತುತ್ತು ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. “ಯಗಟಿಯೋರಾ? ಯಗಟಿ ಕಡೆಯೋರು ತಲೆ ಎತ್ತಿ ಅಲ್ವೇನ್ರೀ ನುಂಗಾದು!”

ಮಾತು ಸರಿಯೇ. ವಿವರಿಸೋಣವೆಂದರೆ ಅಷ್ಟರಲ್ಲಿ ಅವರ ಬಸ್ಸಿನ ಹಾರ್ನ್ ಕೇಳಿಸಿತು. ಕೈ ತೊಳೆದು ಓಡಿಯೇಬಿಟ್ಟರು. ಹೇಳಬೇಕಾದ ಮಾತು ಹೊಟ್ಟೆಯಲ್ಲೇ ಉಳಿದರೆ ನನಗೆ ಅನ್ನ ಜೀರ್ಣವಾಗುವುದಿಲ್ಲ. ಬಸ್ಸಿನ ಅವಸರವಿಲ್ಲದ ನೀವು ಸಿಕ್ಕಿದ್ದೀರಿ, ನಿಮಗೇ ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಮಕ್ಕಳು ನಡೆಯಲು ಕಲಿತರೆ ಯಾರೂ ದೊಡ್ಡ ಸುದ್ದಿ ಮಾಡುತ್ತಿರಲಿಲ್ಲ. ಮಾತು ಕಲಿತರೆ ‘ಇನ್ನೊಂದು ಬಾಯಿ ಶುರುವಾಯ್ತು’ ಎನ್ನುತ್ತಿದ್ದರು. ಆದರೆ ಮಗುವೊಂದು ಮುದ್ದೆ ನುಂಗಲು ಕಲಿತ ದಿನ ಆ ಸುದ್ದಿ ಹೊಲದವರೆಗೂ ಹೋಗುತ್ತಿತ್ತು. ಕಲಿಸುವ ಹಕ್ಕು ನಮ್ಮ ದೊಡ್ಡವ್ವನದು. ದೊಡ್ಡವ್ವ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ, ಗೌರಮ್ಮ. ಒಟ್ಟು ಮನೆಯ ಅಡುಗೆಯೊಲೆ ಅವಳ ಕೈಯಲ್ಲಿತ್ತು. ಹಿಟ್ಟಿನ ಕೋಲನ್ನು ಎರಡು ಕೈಯಲ್ಲಿ ಹಿಡಿದು, ಮಡಕೆಯನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು ಅವಳು ತೊಳಸಲು ಕೂತರೆ ನಾವು ಮಕ್ಕಳು ದೂರ ನಿಲ್ಲುತ್ತಿದ್ದೆವು. ಗಂಟು ಕಟ್ಟಿದ ಮುದ್ದೆಯನ್ನು ಅವಳು ತನ್ನ ಜೀವಮಾನದಲ್ಲಿ ಬಡಿಸಿದವಳಲ್ಲ. ಅಂಥ ಮುದ್ದೆಯನ್ನು ಅಗಿಯುವುದೆಂದರೆ ಅದನ್ನು ತೊಳಸಿದವರಿಗೆ ಅವಮಾನ ಮಾಡಿದಂತೆ ಎಂಬುದು ಅವಳ ಲೆಕ್ಕ.

ನನ್ನ ಪಾಠ ನನಗೆ ಇನ್ನೂ ನೆನಪಿದೆ. ಒದ್ದೆ ಕೈಯಲ್ಲಿ ನೆಲ್ಲಿಕಾಯಿಯಷ್ಟು ಮುದ್ದೆ ಮುರಿದು, ಹುರುಳಿಕಾಳಿನ ಬಸ್ಸಾರಿನಲ್ಲಿ ಹೊರಳಿಸಿ, ನನ್ನ ಬಾಯೊಳಗೆ ಎರಡು ಬೆರಳು ತೂರಿಸಿ ನಾಲಿಗೆಯ ಬುಡದಲ್ಲಿಟ್ಟಳು.

“ಹಲ್ಲಿಗೆ ತೋರಿಸ್ಬ್ಯಾಡ. ತೋರಿಸಿದ್ರೆ ಅದು ಹಿಡ್ಕಂತದೆ. ತಲೆ ಎತ್ತು. ಸೂರು ನೋಡು. ಹೂಂ, ಬಿಡು!”

ನಾನು ಸೂರು ನೋಡಿದೆ, ಬಿಟ್ಟೆ. ಗಂಟಲಲ್ಲಿ ಏನೋ ನಿಂತಂತಾಗಿ, ಕಣ್ಣಲ್ಲಿ ನೀರು ಬಂದು, ಮರುಕ್ಷಣ ಎದೆಯೊಳಗೆ ಬೆಚ್ಚಗೆ ಜಾರಿತು. ಆ ಬೆಚ್ಚಗಿನ ಜಾರುವಿಕೆಯ ಸುಖ ಅಗಿದು ತಿನ್ನುವವರಿಗೆ ತಿಳಿಯದು, ನಾನು ತಿಳಿಸಿ ಹೇಳಲೂ ಆರೆ. ದೊಡ್ಡವ್ವ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು “ನಮ್ಮನೆ ಹುಡ್ಗ ಕಣೋ ಇವ್ನು!” ಎಂದಳು. ಅಲ್ಲಿಯವರೆಗೆ ನಾನು ಯಾರ ಮನೆಯವನಾಗಿದ್ದೆನೋ ಗೊತ್ತಿಲ್ಲ. ಸೂರು ನೋಡಿ ನೋಡಿ ನಮ್ಮ ಯಗಟಿ ಮನೆಯ ಮಾಡಿನ ತೊಲೆ, ಜಂತೆ, ಗುಬ್ಬಿಗೂಡು, ಒಡೆದ ಹಂಚು ಎಲ್ಲವೂ ನನಗೆ ಬಾಯಿಪಾಠವಾಗಿದ್ದವು. ನೆಲದ ಮೇಲೆ ಏನಿತ್ತೆಂದು ಕೇಳಿದರೆ ಮಾತ್ರ ಅಷ್ಟು ಖಚಿತವಾಗಿ ಹೇಳಲಾರೆ.

ತಲೆ ಎತ್ತಿ ನುಂಗುವವರ ಸಾಲನ್ನು ನೀವು ನೋಡಬೇಕು. ಮದುವೆಯ ಹಿಂದಿನ ದಿನ ಮನೆಮಂದಿಯೆಲ್ಲ ಕೂತ ಪಂಕ್ತಿಯಲ್ಲಿ, ಒಬ್ಬೊಬ್ಬರ ಗದ್ದವೂ ಮೇಲೇಳುತ್ತದೆ, ಗಂಟಲಗುಬ್ಬಿ ಮೇಲೆ ಹೋಗಿ ಕೆಳಗೆ ಬರುತ್ತದೆ, ಮುಖದಲ್ಲೊಂದು ರಾಜಗಾಂಭೀರ್ಯ. ಹೊಲ ಮಳೆಗೆ ಕಾದಿರಲಿ, ಕುರಿ ರೋಗಕ್ಕೆ ಬಿದ್ದಿರಲಿ, ಆ ಒಂದು ಗಳಿಗೆಯಲ್ಲಿ ಯಗಟಿಯವರು ಯಾರಿಗೂ ತಲೆ ಬಾಗಿಸುವವರಲ್ಲ. ನನಗೆ ಈಗಲೂ ಹೆಮ್ಮೆಯಾಗುವುದು ಆ ನೋಟದ ನೆನಪಿನಿಂದಲೇ.

ಇಂಥ ಮನೆಗೆ ತರೀಕೆರೆಯ ಗಿರಿಜೆ ಸೊಸೆಯಾಗಿ ಬಂದಳು. ತರೀಕೆರೆಯೇನು ದೂರದ ದೇಶವಲ್ಲ, ಆದರೆ ಅವಳ ತವರಿನಲ್ಲಿ ಗದ್ದೆಯಿತ್ತು, ಮೂರು ಹೊತ್ತೂ ಅನ್ನ. ಬಂದ ಮೊದಲ ಊಟದಲ್ಲಿ ಅವಳು ಮುದ್ದೆ ಮುರಿದು ಬಾಯಿಗಿಟ್ಟು, ಪಾಪ, ಅಗಿದಳು. ನಾನು ಪಕ್ಕದಲ್ಲಿ ಕೂತು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಅದನ್ನು ಹೊಸ ಗಂಡನ ಪ್ರೀತಿಯೆಂದು ತಿಳಿದು ನಾಚಿ ಇನ್ನಷ್ಟು ಅಗಿದಳು. ಇಡೀ ಪಂಕ್ತಿ ನಿಂತುಹೋಯಿತು. ಬಡಿಸುತ್ತಿದ್ದ ದೊಡ್ಡವ್ವ ಸಾರಿನ ಸೌಟು ಹಿಡಿದು ಅವಳೆದುರು ಬಂದು ನಿಂತಳು.

“ಯಾಕವ್ವ, ಅದೇನ್ ಕಡ್ಲೇಕಾಯೇ ಅಗಿಯಾಕೆ?”

ಗಿರಿಜೆಯ ಹಲ್ಲಿನ ತುಂಬ ಮುದ್ದೆ ಮೆತ್ತಿಕೊಂಡಿತ್ತು. ಆದರೂ ಉತ್ತರ ಕೊಟ್ಟಳು. “ಮತ್ತೆ ದೇವ್ರು ಹಲ್ಲು ಕೊಟ್ಟಿರೋದು ಯಾಕೆ ದೊಡ್ಡವ್ವ?”

“ನಗಾಕೆ ಕಣವ್ವ” ಎಂದಳು ದೊಡ್ಡವ್ವ.

ಪಂಕ್ತಿಯೆಲ್ಲ ನಕ್ಕಿತು. ‘ಸಿದ್ದೇಶಿ ಹೆಂಡ್ತಿ ಹಿಟ್ಟು ಅಗೀತಾಳಂತೆ’ ಎಂಬ ಸುದ್ದಿ ಸಂತೆಯ ದಿನ ದೇವನೂರಿಗೂ ತಲುಪಿತು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೆಸರು, ಸಿದ್ದೇಶಿ ನಾನೇ. ಗಿರಿಜೆ ಮಣಿಯಲಿಲ್ಲ. ಮುದ್ದೆ ತೊಳಸುವುದನ್ನು ಕಲಿತಳು, ದೊಡ್ಡವ್ವನೇ ಮೆಚ್ಚುವಷ್ಟು ಚೆನ್ನಾಗಿ ಕಲಿತಳು, ನುಂಗುವುದನ್ನು ಮಾತ್ರ ಕಲಿಯಲಿಲ್ಲ. ಮಕ್ಕಳಾಗಿ, ಮಕ್ಕಳ ಮದುವೆಯಾಗಿ, ಈಗಲೂ ನಿಧಾನವಾಗಿ, ಯಾರ ಮುಲಾಜೂ ಇಲ್ಲದೆ ಅಗಿಯುತ್ತಾಳೆ. ಅವಳು ಉಂಡು ಏಳುವಷ್ಟರಲ್ಲಿ ನಾನು ಉಂಡು, ಎಲೆಯಡಿಕೆ ಹಾಕಿಕೊಂಡು, ಒಂದು ಜೊಂಪು ನಿದ್ದೆ ತೆಗೆದಿರುತ್ತಿದ್ದೆ. ಅದನ್ನು ಹಂಗಿಸದ ದಿನವಿರಲಿಲ್ಲ.

ನನ್ನ ಹೆಮ್ಮೆಗೆ ಇನ್ನೊಂದು ಕಾರಣವೂ ಸೇರಿತ್ತು. ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಜೀರ್ಣಾಂಗಗಳ ಪಾಠ ಬಂತೆಂದರೆ ನನ್ನ ನಡಿಗೆಯೇ ಬದಲಾಗುತ್ತಿತ್ತು. ಬೋರ್ಡಿನ ಮೇಲೆ ಬಾಯಿಂದ ಹೊಟ್ಟೆಯವರೆಗೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಗಂಟಲಲ್ಲಿ ದಾರಿ ಎರಡಾಗುವ ಜಾಗಕ್ಕೆ ಬಂದು ನಿಲ್ಲುತ್ತಿದ್ದೆ. ಮುಂದಿನದು ಗಾಳಿಯ ದಾರಿ, ಹಿಂದಿನದು ಅನ್ನದ ದಾರಿ. ಅನ್ನ ಬಂದಾಗ ಗಾಳಿಯ ದಾರಿಯ ಮೇಲೆ ಒಂದು ಪುಟ್ಟ ಮುಚ್ಚಳ ಬೀಳುತ್ತದೆ. ಬುಕ್ಕಾಂಬುಧಿ ಕೆರೆಯ ತೂಬು ನೋಡದ ಮಕ್ಕಳು ಆ ತರಗತಿಯಲ್ಲಿ ಇರುತ್ತಿರಲಿಲ್ಲ, ಆದ್ದರಿಂದ ‘ತೂಬು ಮುಚ್ಚಿದ ಹಾಗೆ ಕಣ್ರೋ’ ಎಂದರೆ ಸಾಕಿತ್ತು. ತೂಬು ಸರಿಯಾಗಿ ಮುಚ್ಚದಿದ್ದರೆ ಅನ್ನ ಗಾಳಿಯ ದಾರಿ ಹಿಡಿಯುತ್ತದೆ, ಕೆಮ್ಮು ಅದನ್ನು ಹೊಡೆದೋಡಿಸುತ್ತದೆ. ನಾವು ಅದಕ್ಕೆ ನೆತ್ತಿಗೆ ಹತ್ತಿತು ಎನ್ನುತ್ತೇವೆ. ನೆತ್ತಿಗೂ ಅದಕ್ಕೂ ಸಂಬಂಧವಿಲ್ಲ, ತಲೆ ತಟ್ಟುವುದರಿಂದ ಪ್ರಯೋಜನವಿಲ್ಲ, ಯಾರೋ ನೆನೆಸಿಕೊಂಡರು ಅನ್ನುವುದು ಶುದ್ಧ ಸುಳ್ಳು ಎಂದೆಲ್ಲ ಗುಡುಗುತ್ತಿದ್ದೆ. ಮನೆಗೆ ಬಂದು ನನಗೇ ನೆತ್ತಿಗೆ ಹತ್ತಿದರೆ ಗಿರಿಜೆ ತಲೆ ತಟ್ಟಲಿ ಎಂದು ಬಗ್ಗಿ ಕೊಡುತ್ತಿದ್ದೆ. ಅದು ಬೇರೆ ವಿಷಯ.

ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, “ಸಾ, ಅನ್ನ ತಾನಾಗೇ ಕೆಳಕ್ಕೆ ಬೀಳ್ತದೋ, ಯಾರಾದ್ರೂ ತಳ್ತಾರೋ?” ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಅನ್ನ ಬೀಳುವುದಿಲ್ಲ, ಅನ್ನನಾಳವೇ ಹಿಂಡಿ ಹಿಂಡಿ ಕೆಳಗೆ ಕಳಿಸುತ್ತದೆ, ತಲೆಕೆಳಗಾಗಿ ನಿಂತರೂ ನುಂಗಿದ್ದು ಹೊಟ್ಟೆಗೇ ಹೋಗುತ್ತದೆ ಎಂದೆ. ಯಾರೂ ನಂಬಲಿಲ್ಲ. ನನ್ನೊಳಗಿನ ಯಗಟಿ ಕೆರಳಿತು. ತರಗತಿಯ ಗೋಡೆಗೆ ಕಾಲು ಆನಿಸಿ ಶೀರ್ಷಾಸನ ಹಾಕಿ, ಬಾಳೆಹಣ್ಣಿನ ಚೂರೊಂದನ್ನು ತರಿಸಿ, ತಲೆಕೆಳಗಾಗಿಯೇ ನುಂಗಿ ತೋರಿಸಿದೆ. ಮಕ್ಕಳು ಚಪ್ಪಾಳೆ ಹೊಡೆದರು. ಆ ಸದ್ದಿಗೆ ಬಂದ ಹೆಡ್ಮಾಸ್ಟರ ಬೂಟು ನನ್ನ ಕಣ್ಣಿನ ಮಟ್ಟದಲ್ಲಿ ಬಂದು ನಿಂತಿತು. “ಪಾಠಾನಾ ಮೇಷ್ಟ್ರೇ?” ಎಂದರು. “ಹೌದು ಸಾರ್, ಜೀರ್ಣಕ್ರಿಯೆ” ಎಂದೆ, ಅದೇ ಭಂಗಿಯಲ್ಲಿ. ಮಕ್ಕಳಿಗೆ ನೀವು ಇಂಥದ್ದನ್ನು ಮಾಡಿ ತೋರಿಸಬೇಡಿ. ನನಗಾಗ ವಯಸ್ಸಿತ್ತು, ಗಂಟಲಿನ ಮೇಲೆ ಅತಿಯಾದ ನಂಬಿಕೆಯಿತ್ತು.

ಆ ಗಂಟಲೇ ಕೈಕೊಟ್ಟಿತು.

ನಿವೃತ್ತಿಯಾಗಿ ಮೊದಲ ಬೇಸಿಗೆ. ಅಜ್ಜಂಪುರದ ಮನೆಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಿದ್ದೆ. ಗುಟುಕು ಒಳಗೆ ಹೋಗುವ ಬದಲು ಮೂಗಿನಲ್ಲಿ ಬಂತು, ಕೆಮ್ಮು ಒತ್ತರಿಸಿತು. ಗಿರಿಜೆ ಓಡಿಬಂದು ತಲೆ ತಟ್ಟುತ್ತ, “ಯಾರೋ ಜೋರಾಗೇ ನೆನೆಸ್ಕೊಂಡ್ರು, ದೊಡ್ಡವ್ವನೇ ಇರ್ಬೇಕು” ಎಂದು ನಕ್ಕಳು. ನಗುತ್ತಲೇ ನನ್ನ ಮುಖ ನೋಡಿದಳು. ನಗು ನಿಂತಿತು. ನನ್ನ ತುಟಿ ಒಂದು ಕಡೆಗೆ ಜಾರಿತ್ತು. ಅವಳು ಕೂಗಾಡಲಿಲ್ಲ, ಹಣೆಗೆ ವಿಭೂತಿಯನ್ನೂ ಹಚ್ಚಲಿಲ್ಲ. ಪಕ್ಕದ ಮನೆಯವರ ಕಾರು ತೆಗೆಸಿ, ತರೀಕೆರೆ ದಾಟಿ, ನೇರ ಶಿವಮೊಗ್ಗದ ಆಸ್ಪತ್ರೆಗೆ ತಂದು ಮಲಗಿಸಿದಳು. ಲಕ್ವ ಹೊಡೆದಿದೆ, ಬೇಗ ತಂದದ್ದರಿಂದ ಕೈಕಾಲು ಉಳಿದವು ಎಂದರು ಡಾಕ್ಟರು. ನಾಲಿಗೆ ತೊದಲಿದರೂ ಮಾತು ಉಳಿಯಿತು. ನುಂಗುವುದೊಂದು ಹೋಯಿತು.

ನಂಬುತ್ತೀರಾ? ಹುಟ್ಟಿದ ಕೂಸಿಗೆ ಬರುವ ಕೆಲಸ. ನಿದ್ದೆಯಲ್ಲೂ ನಡೆಯುವ ಕೆಲಸ. ನಾನು ‘ನುಂಗು’ ಎಂದು ಗಂಟಲಿಗೆ ಹೇಳುತ್ತಿದ್ದೆ, ಅದು ನನ್ನ ಮಾತು ಕೇಳುತ್ತಿರಲಿಲ್ಲ. ಚಮಚದಲ್ಲಿ ನೀರು ಕೊಟ್ಟರೆ ಕೆಮ್ಮು. ನನ್ನ ಎಂಜಲನ್ನು ನಾನೇ ನುಂಗಲಾರದೆ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದೆ. ಮೂಗಿನ ಮೂಲಕ ಹೊಟ್ಟೆಗೆ ಒಂದು ಕೊಳವೆ ಇಳಿಸಿ, ಅದರಲ್ಲಿ ಹಾಲು, ತಿಳಿಗಂಜಿ ಹೊಯ್ಯುತ್ತಿದ್ದರು. ಹೊಟ್ಟೆ ತುಂಬುತ್ತಿತ್ತು, ಊಟವಾಗುತ್ತಿರಲಿಲ್ಲ. ಡಾಕ್ಟರು ಗಿರಿಜೆಯನ್ನು ಪಕ್ಕಕ್ಕೆ ಕರೆದು, ನುಂಗುವುದು ಮರಳದಿದ್ದರೆ ಹೊಟ್ಟೆಗೇ ಸಣ್ಣ ತೂತು ಮಾಡಿ ಕಾಯಂ ಕೊಳವೆ ಹಾಕಬೇಕಾದೀತು ಎಂದರು. ಪಕ್ಕ ಎಂದರೆ ನನ್ನ ಮಂಚದಿಂದ ಮಾರು ದೂರ, ನನಗೆ ಎಲ್ಲವೂ ಕೇಳಿಸಿತು. ನನಗೆ ಸಾವಿನ ಭಯಕ್ಕಿಂತ ಆ ತೂತಿನ ಭಯ ದೊಡ್ಡದಾಯಿತು. ಬಾಯಿ ಇದ್ದೂ ಬಾಯಿಗೆ ಕೆಲಸವಿಲ್ಲದೆ ಬದುಕುವುದನ್ನು ನೆನೆದು ಗೋಡೆ ಕಡೆ ತಿರುಗಿ ಅತ್ತೆ.

ನುಂಗುವುದನ್ನು ಕಲಿಸಲೆಂದೇ ಓದಿದವರಿರುತ್ತಾರೆಂದು ನನಗೆ ಆಗ ಗೊತ್ತಾಯಿತು. ಸ್ಪೀಚ್ ಥೆರಪಿಸ್ಟ್ ಅನ್ನುತ್ತಾರೆ, ಮಾತು ಮತ್ತು ಗಂಟಲು ಎರಡೂ ಅವರ ಸುಪರ್ದಿನಲ್ಲಿ. ಬಂದಾಕೆ ಉಡುಪಿ ಕಡೆಯ ಹುಡುಗಿ, ಹೆಸರು ವಿನಯಾ. ಕಾಗದದ ಹಿಂಬದಿಯಲ್ಲಿ ಪೆನ್ನಿನಿಂದ ಚಿತ್ರ ಬರೆದು, “ಇದು ಗಾಳಿಯ ದಾರಿ, ಇದು ಊಟದ ದಾರಿ, ಇಲ್ಲೊಂದು ಮುಚ್ಚಳ ಉಂಟು ಸರ್” ಎಂದು ಶುರುಮಾಡಿದಳು. ಗಿರಿಜೆ ನನ್ನ ಮುಖ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಸ್ಪತ್ರೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

“ಮನೆಯಲ್ಲಿ ಸಾಮಾನ್ಯ ಊಟ ಏನು ಸರ್?”

“ಮು... ಮುದ್ದೆ” ಎಂದೆ.

“ಚೆನ್ನಾಗಿ ಅಗಿದು ತಿನ್ನುವ ಅಭ್ಯಾಸ ಉಂಟಲ್ಲ?”

ಗಿರಿಜೆ ನನ್ನ ಪರವಾಗಿ ಹೇಳಿದಳು. “ಇಲ್ಲಮ್ಮ, ಅವರ ಮನೇಲಿ ಅಗಿದ್ರೆ ಮರ್ಯಾದೆ ಹೋಗುತ್ತೆ.”

ವಿನಯಾಳ ಕಣ್ಣು ಅಗಲವಾದವು. ತಲೆ ಎತ್ತಿ ಸೂರು ನೋಡುವ ವಿಷಯ ಕೇಳಿದ ಮೇಲಂತೂ ಆಕೆ ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟಳು. ಇನ್ನು ಮುಂದೆ ಸೂರು ನೋಡುವಂತಿಲ್ಲ, ಗದ್ದವನ್ನು ಎದೆಗೆ ತಾಗಿಸಬೇಕು, ತಲೆ ಬಗ್ಗಿಸಿದರೆ ಗಾಳಿಯ ದಾರಿಗೆ ಕಾವಲು ಸಿಗುತ್ತದೆ ಎಂದಳು. ಮೊದಲು ಏನೂ ಇಲ್ಲದೆ ಬರಿದೇ ನುಂಗುವ ಅಭ್ಯಾಸ, ಆಮೇಲೆ ಚಮಚದಿಂದ ಜಾರದಷ್ಟು ಗಟ್ಟಿ ಅಂಬಲಿ, ನೀರು ಎಲ್ಲಕ್ಕಿಂತ ಕೊನೆಗೆ. ನೀರೇ ಎಲ್ಲಕ್ಕಿಂತ ಮೋಸಗಾರ, ಬೇಗ ಓಡಿ ತಪ್ಪು ದಾರಿ ಹಿಡಿಯುತ್ತದೆಯಂತೆ. ಪ್ರತಿ ಸಲ ನುಂಗಿದ ಮೇಲೆ ‘ಆ’ ಎನ್ನಬೇಕು. ದನಿಯಲ್ಲಿ ಗುಳುಗುಳು ಇದ್ದರೆ ಏನೋ ದಾರಿ ತಪ್ಪಿದೆ ಎಂದರ್ಥ. ಹೈಸ್ಕೂಲಿನ ಮೇಷ್ಟ್ರಾಗಿದ್ದವನು ಅ ಆ ತಿದ್ದುವ ಮಗುವಿನಂತೆ ಹಾಸಿಗೆಯಲ್ಲಿ ಕೂತು ‘ಆ’ ಎನ್ನತೊಡಗಿದೆ.

ಇಷ್ಟರಲ್ಲಿ ಯಗಟಿಗೆ ಸುದ್ದಿ ಮುಟ್ಟಿತ್ತು. ಮುಟ್ಟುವಾಗ ಅದರ ರೂಪ ಬದಲಾಗಿತ್ತು. ಸಿದ್ದೇಶಿ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ಅನ್ನ ನೀರು ಇಳಿಯುತ್ತಿಲ್ಲ. ನಮ್ಮಲ್ಲಿ ಗಂಟಲಲ್ಲಿ ಏನೇ ಸಿಕ್ಕಿಕೊಳ್ಳಲಿ, ಕೂದಲಾಗಲಿ, ಹುಣಸೆಯ ನಾರಾಗಲಿ, ಇರುವ ಔಷಧಿ ಒಂದೇ. ದೊಡ್ಡ ತುತ್ತು ಮುದ್ದೆ ನುಂಗಿಸಿದರೆ ಅದು ಸಿಕ್ಕಿದ್ದನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ದೊಡ್ಡವ್ವ, ಆ ವಯಸ್ಸಿನಲ್ಲಿ, ಬೆಳಗಿನ ಜಾವವೇ ಎದ್ದು ಹಿಟ್ಟು ತೊಳಸಿ, ಕ್ಯಾರಿಯರಿಗೆ ತುಂಬಿ, ಬಸ್ಸು ಹತ್ತಿ ಕಡೂರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದಳು. ಜೊತೆಗೆ ನನ್ನ ತಮ್ಮ. ವಾರ್ಡಿನ ಬಾಗಿಲಲ್ಲಿ ಅವಳು ಕಂಡಾಗ ನನ್ನ ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಊರಿತು.

“ಏನ್ಲಾ ಇದು, ಮೂಗ್ದಾರ ಹಾಕಿದಾರೆ ನಿಂಗೆ?” ಕೊಳವೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. “ಇದೆಲ್ಲ ಬ್ಯಾಡ. ಬಾಯ್ ತೆಗಿ. ಒಂದ್ ತುತ್ತು ಹೋದ್ರೆ ದಾರಿ ತಾನೇ ತೆರೀತದೆ.”

ಕ್ಯಾರಿಯರು ತೆಗೆದಳು. ಬಸ್ಸಾರಿನ ವಾಸನೆ ವಾರ್ಡಿನ ಫಿನಾಯಿಲ್ ವಾಸನೆಯನ್ನು ಸೋಲಿಸಿ ನನ್ನವರೆಗೆ ಬಂತು. ನೆಲ್ಲಿಕಾಯಿಯಷ್ಟು ಮುರಿದು ಸಾರಿನಲ್ಲಿ ಹೊರಳಿಸಿದಳು. ವಿಜ್ಞಾನ ಓದಿದವನು, ಮುಚ್ಚಳ ಗಿಚ್ಚಳ ಎಲ್ಲ ಬಲ್ಲವನು, ನಾನು ಬಾಯಿ ತೆರೆದೆ. ತಲೆಯನ್ನೂ ಎತ್ತಿದೆ. ಆಸ್ಪತ್ರೆಯ ಸೂರು ಕಂಡಿತು. ದೊಡ್ಡವ್ವನ ಬೆರಳು ತುಟಿಯ ಹತ್ತಿರ ಬಂತು.

ಆ ಕೈಯನ್ನು ಗಿರಿಜೆ ಹಿಡಿದಳು.

ಮದುವೆಯಾಗಿ ಬಂದಾಗಿನಿಂದ ಅವಳು ದೊಡ್ಡವ್ವನಿಗೆ ಬಾಯಲ್ಲಿ ಎದುರು ಮಾತಾಡಿದ್ದುಂಟು, ಕೈ ಹಿಡಿದದ್ದಿಲ್ಲ. “ಬ್ಯಾಡಿ ದೊಡ್ಡವ್ವ. ಇವತ್ತು ಬ್ಯಾಡಿ. ಗಂಟ್ಲಾಗೆ ಏನೂ ಸಿಕ್ಕಂಡಿಲ್ಲ. ಗಂಟ್ಲಿಗೆ ನುಂಗೋದೇ ಮರ್ತೋಗಿದೆ. ಈಗ ಕೊಟ್ರೆ ಉಸಿರಿನ ದಾರೀಗೆ ಹೋಗ್ತದೆ.”

“ಅವ್ನಿಗೆ ನುಂಗಾಕೆ ಕಲಿಸ್ದೋಳು ನಾನು” ಎಂದಳು ದೊಡ್ಡವ್ವ. “ನಂಗೆ ಹೇಳಿಕೊಡ್ತೀಯಾ, ಹಿಟ್ಟು ಅಗಿಯೋಳು?”

ಗಿರಿಜೆಯ ಕಣ್ಣು ತುಂಬಿದವು. ಕೈ ಬಿಡಲಿಲ್ಲ. “ಅಗಿಯೋಳೇ ಸರಿ. ಅವ್ರು ಬದುಕ್ಬೇಕು ದೊಡ್ಡವ್ವ. ನಿಮ್ಮ ಕೈಯಿಂದಾನೇ ಉಣ್ತಾರೆ, ನಾನೇ ಕರ್ಕೊಂಡ್ ಬತ್ತೀನಿ ಯಗಟಿಗೆ. ಇವತ್ತು ಮಾತ್ರ ಬ್ಯಾಡಿ.”

ಇಬ್ಬರೂ ಹಾಗೇ ನಿಂತರು. ನಾನು ತೆರೆದ ಬಾಯಿ ಮುಚ್ಚಬೇಕೋ ಬೇಡವೋ ತಿಳಿಯದೆ ಇಬ್ಬರನ್ನೂ ನೋಡುತ್ತಿದ್ದೆ. ಕೊನೆಗೆ ದೊಡ್ಡವ್ವ ತುತ್ತನ್ನು ಕ್ಯಾರಿಯರಿಗೆ ಹಾಕಿ ಮುಚ್ಚಳ ಒತ್ತಿದಳು. ಮಂಚದ ತುದಿಯಲ್ಲಿ ಕೂತಳು. ಅಷ್ಟರಲ್ಲಿ ವಿನಯಾ ಬಂದು ನನ್ನ ಅಭ್ಯಾಸ ಶುರುಮಾಡಿದಳು. ಗದ್ದ ಎದೆಗೆ, ನುಂಗಿ, ಮತ್ತೊಮ್ಮೆ ನುಂಗಿ, ಆ. ದೊಡ್ಡವ್ವ ಎಲ್ಲವನ್ನೂ ತುಟಿ ಬಿಗಿದು ನೋಡಿದಳು. “ತಲೆ ಬಗ್ಗಿಸಿ ನುಂಗಾದಾ? ನಮ್ಮನೇಲಿ ಹಂಗೆ ಯಾರೂ ಉಂಡಿಲ್ಲ” ಎಂದು ತಮ್ಮನ ಕಡೆ ತಿರುಗಿ ಮೆಲ್ಲಗೆ ಅಂದಳು. ಆ ಮಾತು ನನಗೆ ಸೂಜಿಯಂತೆ ಚುಚ್ಚಿತು. ಸಂಜೆಯ ರೈಲಿಗೆ ಹೊರಟಾಗ ದೊಡ್ಡವ್ವ ಗಿರಿಜೆಯ ಜೊತೆ ಮಾತಾಡಲಿಲ್ಲ. ಮುದ್ದೆಯ ಕ್ಯಾರಿಯರನ್ನು ಮಾತ್ರ ಅವಳ ಊಟಕ್ಕೆಂದು ಬಿಟ್ಟು ಹೋದಳು.

ಆಮೇಲಿನ ದಿನಗಳು ಬಹಳ ಉದ್ದವಾಗಿದ್ದವು. ಅಭ್ಯಾಸ ಮಾಡಿಸಲು ಬೆಳಿಗ್ಗೆ ವಿನಯಾ, ಉಳಿದ ಹೊತ್ತೆಲ್ಲ ಗಿರಿಜೆ. ಅವಳು ನನ್ನೆದುರು ಮುಕ್ಕಾಲಿ ಹಾಕಿಕೊಂಡು ಕೂತು “ಗದ್ದ ಎದೆಗೆ. ಹೂಂ. ನುಂಗ್ರಿ” ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ತೊದಲು ನಾಲಿಗೆಯಲ್ಲಿ ಬೈಯುತ್ತಿದ್ದೆ. ಬೈದದ್ದು ಅರ್ಥವಾಗದಂತೆ ಅವಳು ನಟಿಸುತ್ತಿದ್ದಳು. ಒಂದು ಮಧ್ಯಾಹ್ನ ಬಗ್ಗಿಸಿದ ತಲೆಯಿಂದಲೇ ಕಣ್ಣೆತ್ತಿ ಅವಳ ಕಡೆ ನೋಡಿದೆ. ನನ್ನಿಂದ ನುಂಗಿಸುವಾಗ ಅವಳ ಗಂಟಲೂ ನುಂಗುತ್ತಿತ್ತು. ಮಗುವಿಗೆ ತುತ್ತು ಕೊಡುವಾಗ ತಾಯಂದಿರು ತಾವೇ ಬಾಯಿ ತೆರೆಯುತ್ತಾರಲ್ಲ, ಹಾಗೆ. ಪ್ರತಿ ಸಲವೂ ಕರಿಮಣಿಯ ಮೇಲೆ ಅವಳ ಗಂಟಲು ಏರಿ ಇಳಿಯುತ್ತಿತ್ತು, ಅವಳಿಗೇ ಗೊತ್ತಿಲ್ಲದೆ. ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು. ಒಂಟಿ ಗಂಟಲಿನ ಕೆಲಸವಲ್ಲ ಇದು ಎಂದು ಗೊತ್ತಾದ ಮೇಲೆ ನಾನು ಹೇಳಿದಷ್ಟು ಸಲವೂ ನುಂಗಿದೆ.

ಒಂದು ದಿನ ಗಟ್ಟಿ ಅಂಬಲಿಯ ಮೊದಲ ಚಮಚ ಇಳಿಯಿತು. ಕೆಮ್ಮು ಬರಲಿಲ್ಲ. “ಆ ಹೇಳಿ ಸರ್” ಎಂದಳು ವಿನಯಾ. ಹೇಳಿದೆ. ದನಿ ತಿಳಿಯಾಗಿತ್ತು. ಎದೆಯೊಳಗೆ ಬೆಚ್ಚಗೆ ಜಾರಿದ್ದು ಗೊತ್ತಾಯಿತು. ಶಾಲೆಯಲ್ಲಿ ಮೊದಲ ದರ್ಜೆ ಬಂದಾಗ, ನೌಕರಿ ಸಿಕ್ಕಾಗ, ಮೊದಲ ಮಗು ಹುಟ್ಟಿದಾಗ ಹೆಮ್ಮೆಪಟ್ಟವನೇ ನಾನು. ಆದರೆ ಆ ಒಂದು ಚಮಚ ರಾಗಿ ಅಂಬಲಿಗೆ ಪಟ್ಟಷ್ಟು ಹೆಮ್ಮೆಯನ್ನು ಯಾವುದಕ್ಕೂ ಪಟ್ಟಿಲ್ಲ, ಯಾರು ಬೇಕಾದರೂ ನಗಲಿ. ಹೊಟ್ಟೆಗೆ ತೂತು ಹಾಕುವ ಮಾತು ಅಲ್ಲಿಗೆ ನಿಂತಿತು. ಮೂಗಿನ ಕೊಳವೆ ಹೋಯಿತು, ಮನೆಗೆ ಕಳಿಸಿದರು. ಅಂಬಲಿ ಗಂಜಿಯಾಯಿತು, ಗಂಜಿ ಮೆತ್ತನೆಯ ಅನ್ನವಾಯಿತು, ಕೊನೆಗೆ ಆ ಮೋಸಗಾರ ನೀರೂ ದಾರಿಗೆ ಬಂತು. ಮಳೆಗಾಲ ಕಳೆಯುವ ಹೊತ್ತಿಗೆ ತಪಾಸಣೆಗೆ ಹೋದಾಗ ವಿನಯಾ, “ಚಿಕ್ಕ ಚಿಕ್ಕ ತುತ್ತು, ಸಾರು ಜಾಸ್ತಿ, ತಲೆ ಬಗ್ಗಿಸಿಯೇ ನುಂಗುವುದಾದರೆ ಮುದ್ದೆ ಶುರು ಮಾಡಬಹುದು ಸರ್” ಎಂದಳು. ಅಗಿಯಿರಿ ಎಂದೂ ಸೇರಿಸಿದಳು. ನಾನು ಆ ಮಾತು ಕೇಳಿಸದವನಂತೆ ಇದ್ದೆ.

ನನಗೆ ಆ ರಾತ್ರಿಯೇ ಮುದ್ದೆ ಬೇಕಿತ್ತು. ಗಿರಿಜೆ ಒಪ್ಪಲಿಲ್ಲ. “ದೊಡ್ಡವ್ವಂಗೆ ಮಾತು ಕೊಟ್ಟಿದೀನಿ” ಎಂದಳು.

ಯಗಟಿಯಲ್ಲಿ ನಮಗಾಗಿ ಪಂಕ್ತಿಯೇ ಕಾದಿತ್ತು. ಹಬ್ಬವಿಲ್ಲ, ಮದುವೆಯಿಲ್ಲ, ಆದರೂ ತಮ್ಮಂದಿರು, ಅವರ ಹೆಂಡಿರು, ಮಕ್ಕಳು, ಪಕ್ಕದ ಮನೆಯವರು ಎಲ್ಲ ಎಲೆಯ ಮುಂದೆ ಕೂತಿದ್ದರು. ದೊಡ್ಡವ್ವ ನನ್ನ ಎದುರಿಗೇ ಗೋಡೆಗೆ ಒರಗಿ ಕೂತಳು. ಗಿರಿಜೆಯನ್ನು ನೋಡಿ “ಬಂದ್ಯೇನವ್ವ” ಎಂದಳಷ್ಟೆ. ನನಗೆ ಭಯವಾಯಿತು. ಹೋದ ನುಂಗುವಿಕೆ ಪೂರ್ತಿ ಬಂದಿದೆಯೋ ಇಲ್ಲವೋ ಎಂಬ ಭಯ ಒಂದು. ಈ ಸಾಲಿನಲ್ಲಿ, ಈ ಸೂರಿನ ಕೆಳಗೆ, ಇವರೆಲ್ಲರ ಎದುರು ತಲೆ ಬಗ್ಗಿಸಬೇಕಲ್ಲ ಎಂಬ ಸಂಕಟ ಇನ್ನೊಂದು. ನಗಬೇಡಿ, ಎರಡನೆಯದೇ ದೊಡ್ಡದಾಗಿತ್ತು.

ದೊಡ್ಡವ್ವ ತನ್ನ ಕೈಯಲ್ಲೇ ಮುದ್ದೆ ಮುರಿದು ನನ್ನೆಲೆಗೆ ಇಟ್ಟಳು. ನೆಲ್ಲಿಕಾಯಿಗಿಂತ ಚಿಕ್ಕದು. ಯಾರೂ ಉಣ್ಣಲು ಶುರುಮಾಡಲಿಲ್ಲ. ಹಿತ್ತಲಿನ ರೊಪ್ಪದಲ್ಲಿ ಕುರಿಮರಿಯೊಂದು ಅರಚುತ್ತಿತ್ತು. ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟೆ. ನಾಲಿಗೆಯ ಬುಡಕ್ಕೆ ತಂದೆ. ಹಲ್ಲಿಗೆ ತೋರಿಸಲಿಲ್ಲ. ಕುತ್ತಿಗೆ ಹಳೆಯ ಅಭ್ಯಾಸಕ್ಕೆ ಮೇಲೇಳಲು ನೋಡಿತು, ನಾನು ಬಿಡಲಿಲ್ಲ. ಗದ್ದ ಎದೆಗೆ ತಾಗಿಸಿದೆ. ನನ್ನ ಎಲೆ, ಎಲೆಯ ಅಂಚಿನ ಉಪ್ಪು, ನೆಲದ ಹಳೇ ಬಿರುಕು ಕಂಡವು. ನುಂಗಿದೆ. ಇನ್ನೊಮ್ಮೆ ನುಂಗಿದೆ.

“ಆ ಅನ್ನೋ” ಎಂದಳು ದೊಡ್ಡವ್ವ. ಆಸ್ಪತ್ರೆಯಲ್ಲಿ ತುಟಿ ಬಿಗಿದು ನೋಡಿದ್ದನ್ನು ಅವಳು ಮರೆತಿರಲಿಲ್ಲ.

“ಆ!” ಎಂದೆ. ಕುರಿಮರಿ ಸುಮ್ಮನಾಯಿತು.

“ಇಳೀತು. ನಮ್ಮನೆ ಹುಡ್ಗ ಕಣೋ!” ಎಂದು ದೊಡ್ಡವ್ವ ತೊಡೆ ತಟ್ಟಿಕೊಂಡಳು. ಪಂಕ್ತಿ ಒಮ್ಮೆಗೇ ಮಾತಾಡತೊಡಗಿತು, ಸಾರು ಬಡಿಸುವ ಗಲಾಟೆ ಎದ್ದಿತು. ಆ ಗಲಾಟೆಯಲ್ಲಿ ದೊಡ್ಡವ್ವ ಗಿರಿಜೆಯ ಎಲೆಗೆ ಇನ್ನೊಂದು ಸೌಟು ಸಾರು ಹಾಕಿಸಿ, “ನಿಧಾನಕ್ಕೆ ಅಗಿದು ಉಣ್ಣವ್ವ, ಏನ್ ಅವಸ್ರ ಇಲ್ಲ” ಎಂದದ್ದು ನನಗೆ ಕೇಳಿಸಿತು.

ಅಜ್ಜಂಪುರಕ್ಕೆ ಮರಳುವ ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದೆ. ಹೊಟ್ಟೆ ತುಂಬಿತ್ತು, ಮನಸ್ಸಿನಲ್ಲಿ ಒಂದು ಚೂರು ಚುಚ್ಚುತ್ತಿತ್ತು. ಗಿರಿಜೆಗೆ ಅದು ಗೊತ್ತಾಯಿತು.

“ಏನಾಯ್ತು?”

“ಇಡೀ ಸಾಲಿನಲ್ಲಿ ತಲೆ ಬಗ್ಗಿಸಿದೋನು ನಾನೊಬ್ನೇ ಅಲ್ವಾ.”

ಅವಳು ನನ್ನನ್ನೇ ನೋಡಿದಳು. “ನಿಮಗೆ ಹೆಂಗ್ ಕಾಣ್ಬೇಕು, ನೀವು ಎಲೆ ನೋಡ್ತಿದ್ರಿ. ನೀವು ಬಗ್ಗಿಸಿದಾಗ ಇಡೀ ಸಾಲು ಬಗ್ಗಿಸ್ತು ಕಣ್ರೀ. ಬಾಯಲ್ಲಿ ಏನೂ ಇಲ್ಲ, ಎಲ್ರೂ ಗದ್ದ ಎದೆಗೆ ಇಟ್ಕೊಂಡು ನಿಮ್ ಜೊತೆ ನುಂಗಿದ್ರು.”

“ದೊಡ್ಡವ್ವ?”

“ಎಲ್ಲರಿಗಿಂತ ಮೊದ್ಲು ಬಗ್ಗಿಸಿದ್ದೇ ಅವ್ರು.”

ಸೀಟಿನಲ್ಲಿ ಅವಳ ಕಡೆ ಪೂರ್ತಿ ತಿರುಗಿ ಕೂತೆ. ಆಮೇಲೆ ಕೇಳಿದೆ: “ನೀನು?”

“ನಾನ್ಯಾಕೆ ಬಗ್ಗಿಸ್ಲಿ?” ಎಂದಳು ಗಿರಿಜೆ. “ನಾನು ನಿಮ್ಮ ಗಂಟ್ಲು ನೋಡ್ತಾ ಇದ್ದೆ.”